ಮೀಟರ್ ರೂಮಿನ ಕೀ ಯಾರ ಹತ್ರ ಇದೆ?

ಓದುಗರ ಪತ್ರ: ಚಿತ್ರದುರ್ಗದ ಒಂದು ಲೇಡೀಸ್ ಹಾಸ್ಟೆಲ್‌ನಿಂದ ಬಿಎಸ್ಸಿ ಎರಡನೇ ವರ್ಷದ ವಿದ್ಯಾರ್ಥಿನಿ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂತ ಕೇಳ್ಕೊಂಡಿದಾರೆ, ಹಾಕ್ತಿಲ್ಲ. ಪತ್ರ ಉದ್ದ ಇದೆ, ಮುಖ್ಯವಾದ್ದು ಇಷ್ಟು:

“ಸರ್, ನಾವು ಎಂಟು ಜನ ಸೇರ್ಕೊಂಡು ಹಾಸ್ಟೆಲ್‌ನ ಪ್ರತಿ ಸ್ವಿಚ್ ಬೋರ್ಡ್ ಮೇಲೆ ‘ಹೊರಗೆ ಹೋಗುವಾಗ ಆಫ್ ಮಾಡಿ’ ಅಂತ ಸ್ಟಿಕ್ಕರ್ ಅಂಟಿಸಿದ್ವಿ. ಹದಿನೈದು ದಿನ ಎಲ್ರೂ ಮಾಡಿದ್ರು, ಆಮೇಲೆ ಅದೇ ಸ್ಟಿಕ್ಕರ್ ಮೇಲೆ ಬಿಂದಿ ಅಂಟಿಸೋಕೆ ಶುರು ಮಾಡಿದ್ರು. ಕರೆಂಟ್ ಬಿಲ್ ಎಷ್ಟು ಬರುತ್ತೆ ಅಂತ ಆಫೀಸಲ್ಲಿ ಕೇಳಿದ್ರೆ ‘ಅದೆಲ್ಲಾ ನಿಮಗ್ಯಾಕ್ರಮ್ಮ, ಓದ್ಕಳ್ರಿ’ ಅಂದ್ರು. ಸಂಜೆ ಟೆರೇಸ್ ಮೇಲೆ ನಿಂತ್ರೆ ಗುಡ್ಡದ ಮೇಲೆ ಗಾಳಿ ಫ್ಯಾನ್‌ಗಳು ತಿರುಗ್ತಾ ಇರ್ತವೆ, ಕೆಳಗೆ ನಮ್ಮ ರೂಮಲ್ಲಿ ಕರೆಂಟ್ ಇರಲ್ಲ. ಇಂಥ ಊರಲ್ಲಿ ನಾವು ಒಂದು ಫ್ಯಾನ್ ಆಫ್ ಮಾಡಿದ್ರೆ ಏನಾಗುತ್ತೆ? ನಾವು ಪಾಸಾಗಿ ಹೋದ್ಮೇಲೆ ಇದನ್ನೆಲ್ಲ ಯಾರು ಮಾಡ್ತಾರೆ?”

ಸಂಪಾದಕರ ಉತ್ತರ:

ತಂಗೀ, ನನ್ನ ಮಗಳ ವಯಸ್ಸಿನವಳು ನೀನು, ಅದಕ್ಕೆ ನೀನು ಅಂತಲೇ ಬರೀತೀನಿ. ನಿನ್ನ ಪತ್ರ ನಮ್ಮ ದಾವಣಗೆರೆ ಆಫೀಸಿಗೆ ಬಂದು ಮೂರು ವಾರ ಆಯ್ತು, ಉತ್ತರ ತಡ ಆಯ್ತು, ಯಾಕಂದ್ರೆ ನಾಲ್ಕು ಸಾಲಲ್ಲಿ ‘ನಿಮ್ಮ ಪ್ರಯತ್ನ ಶ್ಲಾಘನೀಯ’ ಅಂತ ಬರೆದು ಕಳಿಸೋಕೆ ಮನಸ್ಸು ಬರ್ಲಿಲ್ಲ.

ಮೊದಲು ಆ ಗಾಳಿ ಫ್ಯಾನ್ ವಿಷ್ಯ. ಜೋಗಿಮಟ್ಟಿ ಕಡೆ ತಿರುಗೋ ಫ್ಯಾನ್‌ನಿಂದ ನಿಮ್ಮ ಹಾಸ್ಟೆಲ್‌ಗೆ ನೇರವಾಗಿ ವೈರ್ ಎಳೆದಿಲ್ಲ. ಅಲ್ಲಿ ಹುಟ್ಟಿದ ಕರೆಂಟ್ ಸಬ್‌ಸ್ಟೇಷನ್‌ಗೆ ಹೋಗಿ, ವೋಲ್ಟೇಜ್ ಏರಿಸ್ಕೊಂಡು, ಇಡೀ ರಾಜ್ಯದ ಗ್ರಿಡ್‌ಗೆ ಸೇರುತ್ತೆ. ನಿಮಗೆ ಬರೋದು ನಿಮ್ಮ ಏರಿಯಾದ ಫೀಡರ್‌ನಿಂದ, ನಿಮ್ಮ ರಸ್ತೆ ಟ್ರಾನ್ಸ್‌ಫಾರ್ಮರ್‌ನಿಂದ. ಆ ಲೈನ್ ಮೇಲೆ ಒಂದು ಬೇವಿನ ಕೊಂಬೆ ಬಿದ್ರೆ ಸಾಕು, ಗುಡ್ಡದ ಮೇಲೆ ನೂರು ಫ್ಯಾನ್ ತಿರುಗಿದ್ರೂ ನೀವು ಕತ್ತಲೆಯಲ್ಲೇ. ಇನ್ನೊಂದು ಮಾತು. ಆ ಗಾಳಿ ಜೋರಾಗಿ ಬೀಸೋದು ಮುಂಗಾರಿನಲ್ಲಿ, ಆಷಾಢ ಶ್ರಾವಣದಲ್ಲಿ. ನಮ್ಮ ಕಡೆ ಕರೆಂಟ್‌ಗೆ ಬಾಯಿಬಾಯಿ ಬಿಡೋದು ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ, ತೋಟದ ಪಂಪ್‌ಸೆಟ್ಟು, ಮನೆ ಫ್ಯಾನು, ಏಸಿ ಎಲ್ಲ ಒಟ್ಟಿಗೆ ಶುರುವಾದಾಗ, ಆಗ ಗಾಳಿ ಮಲಗಿರುತ್ತೆ. ಪಕ್ಕದ ಪಾವಗಡದಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, 13,000 ಎಕರೆ, ಸರಿ, ಆದ್ರೆ ಸೂರ್ಯ ಮುಳುಗಿದ ಮೇಲೆ ಅದೂ ಮಲಗುತ್ತೆ. ನೀವು ಊಟ ಮುಗಿಸಿ ಓದೋಕೆ ಕೂತಾಗ ಉರಿಯೋ ಟ್ಯೂಬ್‌ಲೈಟ್‌ಗೆ ಎಷ್ಟೋ ಸಲ ಬಳ್ಳಾರಿಯ ಕುಡತಿನಿಯಲ್ಲೋ ರಾಯಚೂರಿನಲ್ಲೋ ಕಲ್ಲಿದ್ದಲು ಸುಡ್ತಾ ಇರ್ತಾರೆ. ಅದಕ್ಕೇ ನೀನು ಉಳಿಸೋ ಒಂದು ಯೂನಿಟ್‌ಗೆ, ಅದೂ ರಾತ್ರಿ ಹೊತ್ತಿಂದಕ್ಕೆ, ನಿಜವಾದ ತೂಕ ಇದೆ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 700 ಗ್ರಾಂನಷ್ಟು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತೆ.

ಈಗ ಸ್ಟಿಕ್ಕರ್ ವಿಷ್ಯಕ್ಕೆ ಬರ್ತೀನಿ, ಬೇಜಾರು ಮಾಡ್ಕೋಬೇಡ. ಸ್ಟಿಕ್ಕರ್ ಸೋತಿದ್ದು ನಿಮ್ಮ ತಪ್ಪಲ್ಲ, ಆ ಹುಡುಗಿಯರ ತಪ್ಪೂ ಅಲ್ಲ. ಆಫ್ ಮಾಡಿದ್ರೆ ಏನಾಯ್ತು ಅಂತ ಅವರಿಗೆ ಯಾರೂ ತೋರಿಸ್ಲಿಲ್ಲ ಅಷ್ಟೇ. ಹದಿನೈದು ದಿನ ಆಫ್ ಮಾಡಿದ್ರಲ್ಲ, ಆ ಹದಿನೈದು ದಿನದಲ್ಲಿ ಎಷ್ಟು ಯೂನಿಟ್ ಕಮ್ಮಿ ಆಯ್ತು? ನಿಂಗೂ ಗೊತ್ತಿಲ್ಲ. ಮಾರ್ಕ್ಸ್ ಕಾರ್ಡೇ ಕೊಡದೆ ಪರೀಕ್ಷೆ ಮೇಲೆ ಪರೀಕ್ಷೆ ಬರಿ ಅಂದ್ರೆ ಯಾರು ತಾನೇ ಬರೀತಾರೆ. ಹಾಗಾಗಿ ನನ್ನ ಒಂದೇ ಒಂದು ಸಲಹೆ, ಉಳಿದಿದ್ದೆಲ್ಲ ಅದರ ಹಿಂದೆ ಬರುತ್ತೆ: ಸ್ಟಿಕ್ಕರ್ ಪಕ್ಕಕ್ಕಿಡಿ, ಮೀಟರ್ ಓದೋಕೆ ಶುರು ಮಾಡಿ.

ಬಿಲ್ ಕೊಡಲ್ಲ ಅಂದ್ರಾ, ಬೇಡ ಬಿಡು. ಮೀಟರ್ ಗೋಡೆ ಮೇಲೆ ಇದೆ, ಅದು ಯಾರ ಹತ್ರಾನೂ ಗುಟ್ಟು ಮಾಡಲ್ಲ. ನಿಮ್ಮ ಹಾಸ್ಟೆಲ್ ಎಲೆಕ್ಟ್ರಿಷಿಯನ್ ಯಾರೋ ಇರ್ತಾರಲ್ಲ, ಸ್ವಿಚ್ ಸುಟ್ಟಾಗ ಮಾತ್ರ ನೆನಪಾಗೋ ಅಣ್ಣ, ಅವರ ಹತ್ರ ಹೋಗಿ ಮಾತಾಡಿ. ನನ್ನ ಅನುಭವದಲ್ಲಿ ಯಾವ ಕ್ಯಾಂಪಸ್‌ನಲ್ಲೇ ಆಗ್ಲಿ ಕರೆಂಟ್ ಬಗ್ಗೆ ಅತಿ ಹೆಚ್ಚು ಗೊತ್ತಿರೋದು ಆ ಮನುಷ್ಯನಿಗೆ, ಅತಿ ಕಮ್ಮಿ ಕೇಳಿಸ್ಕೊಳ್ಳೋದೂ ಆ ಮನುಷ್ಯನ ಮಾತನ್ನೇ. ಮೀಟರ್ ರೂಮಿನ ಕೀ ಅವರ ಹತ್ರಾನೇ ಇರುತ್ತೆ. ಅವರು ಜೊತೆಗಿಲ್ಲದೆ ಒಳಗೆ ಹೋಗಬೇಡಿ, ಪ್ಯಾನೆಲ್ ಬಾಗಿಲು ಮುಟ್ಟಲೇಬೇಡಿ, ಗಾಜಿನ ಹೊರಗಿಂದ ನೋಡಿ ಬರ್ಕೊಂಡ್ರೆ ಸಾಕು.

ಡಿಸ್‌ಪ್ಲೇ ಮೇಲೆ ಅಂಕಿಗಳು ಒಂದಾದ ಮೇಲೊಂದು ಬದಲಾಗ್ತಾ ಇರ್ತವೆ. ಕೆಡಬ್ಲ್ಯೂಎಚ್ ಅಂತ ಬಂದಾಗ ನಿಲ್ಲಿ, ಅದೇ ಯೂನಿಟ್. ಇಲ್ಲಿ ಎಲ್ರೂ ಎಡವೋ ಒಂದು ಜಾಗ ಇದೆ: ದೊಡ್ಡ ಕಟ್ಟಡಗಳ ಮೀಟರ್ ಸಾಮಾನ್ಯವಾಗಿ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಮೀಟರ್, ಅಂದ್ರೆ ಪೂರ್ತಿ ಕರೆಂಟ್ ಅದರೊಳಗೆ ಹಾಯಲ್ಲ, ಒಂದು ಪಾಲು ಮಾತ್ರ ಹಾಯುತ್ತೆ, ಹಾಗಾಗಿ ರೀಡಿಂಗ್‌ನ ಒಂದು ಕಾನ್‌ಸ್ಟಂಟ್‌ನಿಂದ ಗುಣಿಸಬೇಕು. ಅದು 20 ಇರಬಹುದು, 40 ಇರಬಹುದು, ಬೆಸ್ಕಾಂ ಬಿಲ್ ಮೇಲೆ ಆರ್‌ಆರ್ ನಂಬರ್ ಜೊತೆ ಪ್ರಿಂಟ್ ಆಗಿರುತ್ತೆ, ಎಲೆಕ್ಟ್ರಿಷಿಯನ್ ಅಣ್ಣನಿಗೂ ಗೊತ್ತಿರುತ್ತೆ. ಗುಣಿಸೋದು ಮರೆತು ‘ನಮ್ಮ ಇಡೀ ಹಾಸ್ಟೆಲ್ ದಿನಕ್ಕೆ ಐದೇ ಯೂನಿಟ್’ ಅಂತ ಪ್ರಿನ್ಸಿಪಾಲ್ ಮುಂದೆ ಹೋಗಿ ನಿಂತ್ರೆ ಅಲ್ಲಿಗೆ ಮುಗೀತು, ಮತ್ತೆ ನಿಮ್ಮ ಮಾತು ಯಾರೂ ಕೇಳಲ್ಲ.

ಒಂದು ನೂರು ಪೇಜಿನ ನೋಟ್‌ಬುಕ್ ತಗೊಳ್ಳಿ. ತಾರೀಖು, ಟೈಮು, ರೀಡಿಂಗು, ಬರೆದವರ ಹೆಸರು, ಸಾಕು. ದಿನಾ ಬೆಳಗ್ಗೆ ಒಂದೇ ಟೈಮಿಗೆ. ಒಂದು ವಾರ ಆದ್ಮೇಲೆ ಇನ್ನೊಂದು ಕೆಲಸ ಮಾಡಿ, ರಾತ್ರಿ ಹನ್ನೊಂದಕ್ಕೆ ಒಂದು ರೀಡಿಂಗು, ಬೆಳಗಿನ ಜಾವ ಐದಕ್ಕೆ ಒಂದು. ಎಲ್ರೂ ಮಲಗಿದಾಗ ಎಷ್ಟು ಓಡ್ತಾ ಇದೆ ಅಂತ ಗೊತ್ತಾಗುತ್ತೆ. ಫ್ಯಾನ್ ಲೆಕ್ಕ ಕಳೆದು ನೋಡಿ, ಉಳಿದಿದ್ದು ಏನು? ಕಾರಿಡಾರ್ ಲೈಟು, ವಾಟರ್ ಕೂಲರು, ಮೆಸ್ ಫ್ರಿಜ್ಜು, ಯಾರೋ ಆಫ್ ಮಾಡದೇ ಬಿಟ್ಟ ಗೀಸರು. ದಸರಾ ರಜೆಯಲ್ಲಿ ಹಾಸ್ಟೆಲ್ ಖಾಲಿ ಇದ್ದಾಗ್ಲೂ ಒಂದು ರೀಡಿಂಗ್ ಹಿಡಿಸಿ, ಜನಾನೇ ಇಲ್ದಿರೋ ಕಟ್ಟಡ ಎಷ್ಟು ಕರೆಂಟ್ ತಿನ್ನುತ್ತೆ ಅಂತ ಗೊತ್ತಾದ್ರೆ ಆ ಒಂದು ಅಂಕಿ ನೂರು ಸ್ಟಿಕ್ಕರ್‌ಗಿಂತ ಹೆಚ್ಚು ಕೆಲಸ ಮಾಡುತ್ತೆ.

ಇದನ್ನ ನಾನು ಗಾಳಿಯಲ್ಲಿ ಹೇಳ್ತಿಲ್ಲ. ಅಮೆರಿಕದ ಓಹಾಯೋ ರಾಜ್ಯದಲ್ಲಿ ಓಬರ್ಲಿನ್ ಅಂತ ಒಂದು ಕಾಲೇಜಿದೆ. 2005ರಲ್ಲಿ ಅಲ್ಲಿನ ಹಾಸ್ಟೆಲ್‌ಗಳ ಮಧ್ಯೆ ಎರಡು ವಾರ ಕರೆಂಟ್ ಉಳಿಸೋ ಸ್ಪರ್ಧೆ ಇಟ್ರು, ಒಟ್ಟು ಬಳಕೆ ಶೇಕಡಾ 32ರಷ್ಟು ಇಳೀತು, 2007ರಲ್ಲಿ ಅದರ ಅಧ್ಯಯನ ಪ್ರಕಟ ಆಯ್ತು. ನನಗೆ ಇಷ್ಟ ಆಗಿದ್ದು ಅದರೊಳಗಿನ ಇನ್ನೊಂದು ವಿಷ್ಯ. ಎರಡು ಹಾಸ್ಟೆಲ್‌ಗೆ ಮಾತ್ರ ಆ ಕ್ಷಣದ ಬಳಕೆ ತೋರಿಸೋ ಕಂಪ್ಯೂಟರ್ ವ್ಯವಸ್ಥೆ ಇತ್ತು, ಅಲ್ಲಿ ಶೇಕಡಾ 55 ಇಳೀತು, ಸರಿ, ಆದ್ರೆ ಬರೀ ವಾರಕ್ಕೊಮ್ಮೆ ಮೀಟರ್ ನೋಡಿ ತಿಳಿಸಿದ ಬೇರೆ ಹಾಸ್ಟೆಲ್‌ಗಳಲ್ಲೂ ಶೇಕಡಾ 31 ಇಳೀತು! ವಾರಕ್ಕೊಮ್ಮೆ ಮೀಟರ್ ನೋಡೋಕೆ ಯಾವ ಮಶೀನೂ ಬೇಡ, ಒಂದು ಪೆನ್ ಬೇಕು. ಸ್ಪರ್ಧೆ ಮುಗಿದ ಮೇಲೂ ಅಷ್ಟೇ ಇಳಿಕೆ ಉಳಿಯುತ್ತೆ ಅಂದ್ಕೋಬಾರದು, ಎರಡು ವಾರದ ಹುರುಪು ಬೇರೆ, ವರ್ಷದ ಅಭ್ಯಾಸ ಬೇರೆ, ನಿಮ್ಮ ಸ್ಟಿಕ್ಕರ್ ನಿಮಗೇ ಅದನ್ನ ಕಲಿಸಿದೆ.

ನಿನ್ನ ‘ಒಂದು ಫ್ಯಾನ್’ ಪ್ರಶ್ನೆಗೆ ಲೆಕ್ಕ ಹಾಕೋಣ. ನಿಮ್ಮ ಹಾಸ್ಟೆಲ್‌ನಲ್ಲಿ 60 ರೂಮು ಅಂತ ಬರೆದಿದೀಯ, ರೂಮಿಗೊಂದು ಹಳೇ ಫ್ಯಾನ್. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತೆ, ಈಗ ಬಂದಿರೋ ಬಿಎಲ್‌ಡಿಸಿ ಫ್ಯಾನ್, ಅಂದ್ರೆ ಬ್ರಷ್ ಇಲ್ಲದ ಮೋಟರಿನ ಫ್ಯಾನ್, ಅದೇ ಗಾಳಿಗೆ 30 ವ್ಯಾಟ್ ಆಸುಪಾಸು. ದಿನಕ್ಕೆ 14 ಗಂಟೆ ತಿರುಗುತ್ತೆ ಅಂತ ಹಿಡಿದ್ರೆ, ಫ್ಯಾನ್‌ಗೆ 45 ವ್ಯಾಟ್ ಉಳಿತಾಯ, 60 ಫ್ಯಾನ್‌ಗೆ ದಿನಕ್ಕೆ ಸುಮಾರು 38 ಯೂನಿಟ್ಟು, ತಿಂಗಳಿಗೆ 1,130ರ ಹತ್ರ. ಯೂನಿಟ್‌ಗೆ ಎಂಟು ರೂಪಾಯಿ ಅಂತ ಇಟ್ಕೋ, ನಿಮ್ಮ ಬಿಲ್‌ನಲ್ಲಿ ಬೇರೆ ರೇಟ್ ಇದ್ರೆ ಅದನ್ನ ಹಾಕ್ಕೋ, ತಿಂಗಳಿಗೆ ಒಂಬತ್ತು ಸಾವಿರ ರೂಪಾಯಿ. ಒಂದು ಫ್ಯಾನ್‌ಗೆ 2,800 ಅಂದ್ರೆ ಅರವತ್ತಕ್ಕೆ 1,68,000. ರಜೆ ಕಳೆದು ವರ್ಷಕ್ಕೆ ಹತ್ತು ತಿಂಗಳು ಹಿಡಿದ್ರೂ ಎರಡು ವರ್ಷದೊಳಗೆ ಹಾಕಿದ ದುಡ್ಡು ವಾಪಸ್. ಒಂದೇ ಸಲ ಆಗಲ್ಲ ಅಂತಾರೆ, ಆಗದೇ ಇರ್ಲಿ. ಸುಟ್ಟು ಹೋದ ಫ್ಯಾನ್ ಜಾಗಕ್ಕೆ ಇನ್ಮೇಲೆ ಬಿಎಲ್‌ಡಿಸಿನೇ ಹಾಕಿ ಅಂತ ಕೇಳಿ, ಅದಕ್ಕೆ ಯಾರ ಪರ್ಮಿಷನ್ನೂ ಜಾಸ್ತಿ ಬೇಕಾಗಲ್ಲ.

ಹಾಗೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಹಳೇ ಡಬ್ಬಿ ರೆಗ್ಯುಲೇಟರ್ ಇದ್ದ ರೂಮಲ್ಲಿ ಫ್ಯಾನ್‌ನ ಎರಡರಲ್ಲಿಟ್ಟು ಅರ್ಧ ಗಂಟೆ ಬಿಟ್ಟು ಡಬ್ಬಿ ಮೇಲೆ ಅಂಗೈ ಇಡಿ. ಬೆಚ್ಚಗಿರುತ್ತೆ. ಫ್ಯಾನ್ ನಿಧಾನ ಮಾಡಿದ್ರೆ ಕರೆಂಟ್ ಉಳೀತು ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ, ಉಳಿದಿದ್ದರಲ್ಲಿ ಒಂದು ಪಾಲು ಆ ಡಬ್ಬಿಯೊಳಗೆ ಬಿಸಿಯಾಗಿ ಕೂತಿರುತ್ತೆ. ಆ ಬಿಸಿಯನ್ನ ನಿಮ್ಮ ಜೂನಿಯರ್ ಹುಡುಗಿಯರ ಕೈಯಿಂದ ಮುಟ್ಟಿಸಿ.

ನೀರು. ಇದನ್ನ ನೀನು ಪತ್ರದಲ್ಲಿ ಬರೆದಿಲ್ಲ, ಆದ್ರೆ ನಾನು ಬರೀಲೇಬೇಕು. ನಾನು ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದಾಗ ನಮಗೆ ಅಲಾರಂ ಬೇಕಿರಲಿಲ್ಲ, ಬೆಳಗ್ಗೆ ಟ್ಯಾಂಕ್ ತುಂಬಿ ಹಿಂದಿನ ಗೋಡೆ ಮೇಲೆ ನೀರು ಸುರಿಯೋ ಸದ್ದಿಗೆ ಎದ್ದೇಳ್ತಿದ್ವಿ. ಮೂರು ವರ್ಷ ಕೇಳಿದ್ವಿ ಆ ಸದ್ದು. ಗೋಡೆ ಮೇಲೆ ಪಾಚಿ ಹಸಿರಾಗಿ ನೆಲದವರೆಗೂ ಇಳಿದಿತ್ತು. ಒಬ್ಬರಿಗೂ ಕೆಳಗೆ ಹೋಗಿ ಮೋಟರ್ ಆಫ್ ಮಾಡ್ಬೇಕು ಅಂತ ಅನ್ನಿಸ್ಲಿಲ್ಲ, ನನಗೂ ಅನ್ನಿಸ್ಲಿಲ್ಲ, ಅದು ಈಗ್ಲೂ ಚುಚ್ಚುತ್ತೆ. 5 ಎಚ್‌ಪಿ ಮೋಟರ್ ಒಂದು ಗಂಟೆಗೆ ಸುಮಾರು 4 ಯೂನಿಟ್ ತಗೊಳ್ಳುತ್ತೆ, ದಿನಾ ಇಪ್ಪತ್ತು ನಿಮಿಷ ಸುಮ್ನೆ ಸುರಿದ್ರೆ ತಿಂಗಳಿಗೆ 40 ಯೂನಿಟ್. ಅದು ಕಟ್ಟಡದ ಲೆಕ್ಕ ಮಾತ್ರ. ನಿಮ್ಮ ಚಿತ್ರದುರ್ಗಕ್ಕೆ ನೀರು ಬರೋದೇ ದೂರದಿಂದ, ಶಾಂತಿಸಾಗರದಿಂದ, ವಾಣಿವಿಲಾಸ ಸಾಗರದಿಂದ, ಅಷ್ಟು ದೂರ ಅದನ್ನ ಪಂಪ್ ಮಾಡಿ ತಳ್ಳೋದಕ್ಕೂ ಕರೆಂಟೇ. ನಿಮ್ಮ ಗೋಡೆ ಮೇಲೆ ಸುರಿಯೋ ಪ್ರತಿ ಕೊಡದ ಹಿಂದೆ ಆ ಕರೆಂಟೂ ಸುರಿದು ಹೋಗ್ತಿರುತ್ತೆ. ಕೋಟೆಗೆ ಹೋದಾಗ ನೋಡಿರ್ತೀಯಲ್ಲ, ಗೋಪಾಲಸ್ವಾಮಿ ಹೊಂಡ ತುಂಬಿ ಹರಿದಿದ್ದು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಆಮೇಲೆ ಸಂತೆ ಹೊಂಡಕ್ಕೆ. ಮೇಲೆ ಚೆಲ್ಲಿದ್ದು ಕೆಳಗಿನವರಿಗೆ ಸಿಗೋ ಹಾಗೆ ಕಲ್ಲಿನಲ್ಲಿ ಲೆಕ್ಕ ಹಾಕಿ ಕಟ್ಟಿದ್ದಾರೆ, ಅದೂ ಪಂಪಿಲ್ಲದೆ. ಆ ಊರಿನ ಹಾಸ್ಟೆಲ್‌ನಲ್ಲಿ ಟ್ಯಾಂಕ್ ಸುರಿಯೋದನ್ನ ಸುಮ್ನೆ ಬಿಡಬೇಡಿ. ಫ್ಲೋಟ್ ಸ್ವಿಚ್ ಅಂತ ಸಿಗುತ್ತೆ, ತುಂಬಿದ ತಕ್ಷಣ ಮೋಟರ್ ನಿಲ್ಲಿಸುತ್ತೆ, ದುಬಾರಿ ಏನಲ್ಲ.

ಬೆಳಗ್ಗೆ ಆರರಿಂದ ಏಳರ ಗೀಸರ್ ಬಗ್ಗೆ ಎಲೆಕ್ಟ್ರಿಷಿಯನ್ ಅಣ್ಣನ ಹತ್ರ ಒಂದು ಮಾತು ಕೇಳಿ. ನಿಮ್ಮ ಕಾಲೇಜಿಗೆ ಎಚ್‌ಟಿ, ಅಂದ್ರೆ ಹೈ ಟೆನ್ಷನ್ ಕನೆಕ್ಷನ್ ಇದ್ರೆ ಬರೀ ಯೂನಿಟ್‌ಗೆ ಮಾತ್ರ ದುಡ್ಡಲ್ಲ, ತಿಂಗಳಲ್ಲಿ ಒಂದೇ ಒಂದು ಸಲ ಎಷ್ಟು ಜೋರಾಗಿ ಎಳೆದ್ರಿ ಅನ್ನೋದಕ್ಕೂ, ಅಂದ್ರೆ ಮ್ಯಾಕ್ಸಿಮಂ ಡಿಮ್ಯಾಂಡ್‌ಗೂ, ಬೇರೆ ಚಾರ್ಜ್ ಇದೆ. ಎಲ್ಲಾ ಗೀಸರು, ನೀರಿನ ಮೋಟರು, ಮೆಸ್ ಗ್ರೈಂಡರು ಒಂದೇ ಟೈಮಲ್ಲಿ ಓಡಿದ್ರೆ ಆ ಅಂಕಿ ಜಿಗಿಯುತ್ತೆ. ಮೋಟರ್‌ನ ಮಧ್ಯಾಹ್ನಕ್ಕೆ ಹಾಕಿದ್ರೆ ಒಂದು ಪೈಸೆ ಖರ್ಚಿಲ್ಲದೆ ಇಳಿಯುತ್ತೆ.

ಇನ್ನು ಸೋಲಾರ್ ಹಾಕ್ಸಿ ಅಂತ ಕೇಳ್ಬೇಕಾ ಅಂತ ಪತ್ರದ ಕೊನೇಲಿ ಬರೆದಿದೀಯ. ಕೇಳಿ, ಖಂಡಿತ ಕೇಳಿ, ಒಂದು ಕಿಲೋವ್ಯಾಟ್‌ಗೆ ನೂರು ಚದರ ಅಡಿ ಟೆರೇಸು ಸಾಕು, ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತೆ. ಆದ್ರೆ ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ಹೆಸರು ಬೇಡ, ನಮ್ಮ ಭಾಗದ್ದೇ ಒಂದು ಕಾಲೇಜು, ಒಂದು ಭಾಷಣಕ್ಕೆ ಕರೆದಿದ್ರು, ಕಾರ್ಯಕ್ರಮ ಮುಗಿದ ಮೇಲೆ ಹೆಮ್ಮೆಯಿಂದ ಟೆರೇಸ್‌ಗೆ ಕರ್ಕೊಂಡು ಹೋದ್ರು. ಸಾಲಾಗಿ ಪ್ಯಾನೆಲ್‌ಗಳು. ಹತ್ರ ಹೋದ್ರೆ ಧೂಳು ಹೇಗೆ ಕೂತಿತ್ತು ಅಂದ್ರೆ ಯಾರೋ ಹುಡುಗ ಬೆರಳಿನಿಂದ ತನ್ನ ಹೆಸರು ಬರೆದಿದ್ದ, ಪಕ್ಕದಲ್ಲೊಂದು ಹಾರ್ಟ್, ಅದರ ಮೇಲೆ ಪಾರಿವಾಳದ ಹಿಕ್ಕೆ. ಮೆಟ್ಟಿಲ ಹತ್ರ ಗೋಡೆಗೆ ಇನ್ವರ್ಟರ್ ಹಾಕಿದ್ರು, ಕೆಂಪು ದೀಪ ಉರೀತಿತ್ತು. ಎಷ್ಟು ದಿನದಿಂದ ಸರ್ ಅಂದೆ. ಯಾರಿಗೂ ಗೊತ್ತಿಲ್ಲ. ಆ ಕಾಲೇಜಿನಲ್ಲಿ ಫಿಸಿಕ್ಸ್ ಓದೋ ಮಕ್ಕಳು ಇದಾರೆ, ಎಲೆಕ್ಟ್ರಾನಿಕ್ಸ್ ಓದೋ ಮಕ್ಕಳು ಇದಾರೆ, ಟೆರೇಸ್ ಬಾಗಿಲಿಗೆ ಬೀಗ. ನನಗೆ ಅಳು ಬರೋದೊಂದು ಬಾಕಿ. ಅಷ್ಟು ದುಡ್ಡು ಹಾಕಿದಾರೆ, ಅದನ್ನ ದಿನಾ ನೋಡೋಕೆ ಇಬ್ಬರು ಮಕ್ಕಳನ್ನ ಬಿಟ್ಟಿಲ್ಲ. ನಿಮ್ಮಲ್ಲಿ ಸೋಲಾರ್ ಬಂದ್ರೆ ಮೊದಲನೇ ದಿನದಿಂದ ಇನ್ವರ್ಟರ್ ಮೇಲಿನ ಅಂಕಿ ನಿಮ್ಮ ನೋಟ್‌ಬುಕ್‌ಗೆ ಬರಬೇಕು. ಪ್ಯಾನೆಲ್ ತೊಳೆಯೋದು ಬೆಳಗ್ಗೆ ಬೇಗ, ಕಾದ ಗಾಜಿನ ಮೇಲೆ ತಣ್ಣೀರು ಹಾಕಬಾರದು. ಮತ್ತೆ ಒಂದು, ಕರೆಂಟ್ ಹೋದಾಗ ಸೋಲಾರೂ ನಿಂತು ಹೋಯ್ತು ಅಂತ ಹುಡುಗಿಯರು ಜಗಳ ಮಾಡ್ತಾರೆ, ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ ಆನ್‌ಗ್ರಿಡ್ ಸಿಸ್ಟಂ ಹಾಗೇ ನಿಲ್ಲಬೇಕು, ಇಲ್ಲಾಂದ್ರೆ ಲೈನ್ ರಿಪೇರಿ ಮಾಡ್ತಿರೋ ಲೈನ್‌ಮನ್ ಕೈಗೆ ನಿಮ್ಮ ಟೆರೇಸಿನ ಕರೆಂಟ್ ಹೊಡೆಯುತ್ತೆ.

‘ನಿಮಗ್ಯಾಕೆ’ ಅಂದ್ರಲ್ಲ, ಅದಕ್ಕೆ ಉತ್ತರ ಕೋಪದಲ್ಲಿ ಕೊಡಬೇಡ. ಹಾಸ್ಟೆಲ್ ಬಿಲ್ ಕಟ್ಟೋದು ನಿಮ್ಮಪ್ಪ ಅಮ್ಮನ ದುಡ್ಡಲ್ಲಿ, ಮೆಸ್ ಖರ್ಚು ಎಲ್ರಿಗೂ ಹಂಚೋ ಡಿವೈಡಿಂಗ್ ಸಿಸ್ಟಂನಲ್ಲಿ ಈರುಳ್ಳಿ ಲೆಕ್ಕ ಕೇಳೋ ಹಕ್ಕಿದ್ರೆ ಕರೆಂಟ್ ಲೆಕ್ಕಕ್ಕೂ ಇದೆ. ಆದ್ರೆ ಬರಿಗೈಲಿ ಹೋಗಬೇಡಿ, ಮೂವತ್ತು ದಿನದ ರೀಡಿಂಗ್ ತಗೊಂಡು ಹೋಗಿ. ಕಾಲೇಜಿಗೆ ನ್ಯಾಕ್ ಬರುತ್ತಲ್ಲ, ಕಾಲೇಜುಗಳ ಗುಣಮಟ್ಟ ಅಳೆಯೋ ಸಂಸ್ಥೆ, ಅದರ ಹಳೇ ಪದ್ಧತಿಯ ಏಳನೇ ಮಾನದಂಡದಲ್ಲಿ ಗ್ರೀನ್ ಆಡಿಟ್, ಎನರ್ಜಿ ಆಡಿಟ್ ಮಾಡಿದೀರಾ ಅಂತ ಕೇಳ್ತಿದ್ರು. ಹಾಗಾಗಿ ಎಷ್ಟೋ ಕಾಲೇಜುಗಳಲ್ಲಿ ಆ ರಿಪೋರ್ಟ್ ಈಗಾಗ್ಲೇ ಇರುತ್ತೆ, ಕಾಲೇಜಿನ ವೆಬ್‌ಸೈಟ್‌ನಲ್ಲೇ ಬಿದ್ದಿರಬಹುದು, ಅದನ್ನ ಓದಿರೋ ವಿದ್ಯಾರ್ಥಿ ನನಗೆ ಇನ್ನೂ ಸಿಕ್ಕಿಲ್ಲ. ಹುಡುಕಿ ಓದಿ, ಅದರಲ್ಲಿ ಆಡಿಟರ್ ಏನು ಮಾಡಿ ಅಂದಿದಾರೆ, ಏನಾಗಿದೆ ನೋಡಿ. ಕಾಲೇಜಿನೊಳಗೆ ಗುಣಮಟ್ಟ ನೋಡ್ಕೊಳ್ಳೋ ಐಕ್ಯೂಎಸಿ ಕಮಿಟಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿ ಇರಬೇಕು ಅಂತ ನ್ಯಾಕ್ ನಿಯಮವೇ ಇದೆ, ನಿಮ್ಮಲ್ಲಿ ಅದು ಯಾರು ಅಂತ ಕೇಳಿ. ಜೂನ್ 5ಕ್ಕೆ ಗಿಡ ನೆಟ್ಟು, ಡಿಸೆಂಬರ್ 14ಕ್ಕೆ ಇಂಧನ ಉಳಿತಾಯ ದಿನ ಅಂತ ಪ್ರತಿಜ್ಞೆ ಮಾಡಿ ಕಳಿಸೋ ಫೋಟೋಗಳು ನಮ್ಮ ಆಫೀಸಿಗೂ ಬರ್ತವೆ, ಹಾಕ್ತೀವಿ, ತಪ್ಪೇನಿಲ್ಲ, ಆದ್ರೆ ಆ ಗಿಡಕ್ಕೆ ಮುಂದಿನ ಬೇಸಿಗೆಯಲ್ಲಿ ನೀರು ಹಾಕಿದ ಫೋಟೋ ಒಂದೂ ಬಂದಿಲ್ಲ.

ಕೊನೇ ಪ್ರಶ್ನೆ, ನೀವು ಹೋದ್ಮೇಲೆ ಯಾರು. ಇದೇ ನಿನ್ನ ಪತ್ರದಲ್ಲಿ ನನ್ನನ್ನ ನಿಲ್ಲಿಸಿದ ಸಾಲು. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ ಎ.ಕೆ.ಎನ್. ರೆಡ್ಡಿ ಅಂತ ಪ್ರೊಫೆಸರ್ ಇದ್ರು, 1974ರಲ್ಲಿ ಅಸ್ತ್ರ ಅಂತ ಒಂದು ಕೇಂದ್ರ ಶುರು ಮಾಡಿ, ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಕೂತು ಹಳ್ಳಿಯ ಸೌದೆ, ನೀರು, ದೀಪದ ಲೆಕ್ಕ ಹಾಕಿದವರು. ಜನಕ್ಕೆ ಬೇಕಾಗಿರೋದು ಯೂನಿಟ್ ಅಲ್ಲ, ಬೆಳಕು, ಬೇಯೋ ಅನ್ನ, ಮನೆಗೆ ಬರೋ ನೀರು, ಅದನ್ನ ಕಮ್ಮಿ ಶಕ್ತಿಯಲ್ಲಿ ಹೇಗೆ ಕೊಡೋದು ಅಂತ ಮೊದಲು ನೋಡಿ ಅನ್ನೋದು ಅವರ ವಾದ. ಅಲ್ಲೇ ಹತ್ರದ ಪುರ ಅನ್ನೋ ಹಳ್ಳಿಯಲ್ಲಿ ಸೆಗಣಿ ಗ್ಯಾಸ್‌ನಿಂದ ಕರೆಂಟ್ ಮಾಡಿ ಮನೆಗಳಿಗೆ ದೀಪ, ನೀರು ಕೊಟ್ರು. ಪ್ಲಾಂಟ್ ನಡೆಸೋ ಕೆಲಸ ಊರಿನ ಹುಡುಗರದ್ದೇ, ಬೆಂಗಳೂರಿಂದ ಯಾರೂ ದಿನಾ ಬರ್ತಿರಲಿಲ್ಲ. ಊರಲ್ಲೇ ಉಳಿಯೋರ ಕೈಗೆ ಕೆಲಸ ಕೊಟ್ರು, ಅದನ್ನ ನೀವೂ ಮಾಡಿ. ಹಾಸ್ಟೆಲ್‌ನಲ್ಲಿ ಉಳಿಯೋರು ಯಾರು? ಎಲೆಕ್ಟ್ರಿಷಿಯನ್ ಅಣ್ಣ, ಮೆಸ್ಸಿನ ಅಕ್ಕಂದಿರು, ವಾರ್ಡನ್. ನಿಮ್ಮ ಎಂಟು ಜನದ ಗುಂಪಿಗೆ ಅವರನ್ನ ಸೇರಿಸ್ಕೊಳ್ಳಿ, ಅತಿಥಿಗಳಾಗಿ ಅಲ್ಲ, ಸದಸ್ಯರಾಗಿ. ರೀಡಿಂಗ್ ಬರೆಯೋ ಡ್ಯೂಟಿಗೆ ಯಾವಾಗ್ಲೂ ಜೋಡಿ ಹಾಕಿ, ಒಬ್ಬಳು ಸೀನಿಯರ್, ಒಬ್ಬಳು ಫಸ್ಟ್ ಇಯರ್. ಪರೀಕ್ಷೆ ಟೈಮಲ್ಲಿ ಎಲ್ರೂ ಕೈ ಬಿಡ್ತಾರೆ, ಅದೇ ಟೈಮಲ್ಲಿ ಕರೆಂಟ್ ಅತಿ ಹೆಚ್ಚು ಓಡುತ್ತೆ, ಆ ತಿಂಗಳು ವಾರಕ್ಕೊಂದು ರೀಡಿಂಗ್ ಸಾಕು, ಆದ್ರೆ ತಪ್ಪಿಸಬೇಡಿ.

ನೋಟ್‌ಬುಕ್ ನಿಮ್ಮ ರೂಮಲ್ಲಿ ಇಡಬೇಡಿ. ಮೀಟರ್ ರೂಮಿನ ಬಾಗಿಲ ಪಕ್ಕ ಒಂದು ಮೊಳೆ ಹೊಡೆಸಿ, ದಾರ ಕಟ್ಟಿ ಅಲ್ಲೇ ನೇತು ಹಾಕಿ, ಪೆನ್ನನ್ನೂ ಕಟ್ಟಿ. ಭಾನುವಾರ ರಾತ್ರಿ ಆ ವಾರದ ಯೂನಿಟ್‌ನ ಮೆಸ್ ಬೋರ್ಡ್ ಮೇಲೆ, ಮರುದಿನದ ತಿಂಡಿ ಬರೆಯೋ ಜಾಗದ ಪಕ್ಕದಲ್ಲೇ ಬರೀರಿ. ಉಪ್ಪಿಟ್ಟೋ ಅವಲಕ್ಕಿಯೋ ಅಂತ ನೋಡೋಕೆ ಎಲ್ರೂ ಬರ್ತಾರಲ್ಲ.

ಮುಂದಿನ ತಿಂಗಳ ಒಂದನೇ ತಾರೀಖಿಂದ ಶುರು ಮಾಡಿ ಮೂವತ್ತು ದಿನದ ಪೇಜಿನ ಫೋಟೋ ನನಗೆ ಕಳ್ಸು. ಇಳಿದಿದ್ರೂ ಸರಿ, ಏರಿದ್ರೂ ಸರಿ, ಕಾಲೇಜಿನ ಹೆಸರಿಲ್ಲದೆ ಇದೇ ಪುಟದಲ್ಲಿ ಹಾಕ್ತೀನಿ. ಕಾನ್‌ಸ್ಟಂಟ್ ಎಷ್ಟು ಅಂತ ಮೇಲೆ ಬರೆಯೋದು ಮರೀಬೇಡ. ಮೀಟರ್ ರೂಮಿನ ಕೀ ಕೊಡಲಿಲ್ಲ ಅಂದ್ರೆ ಅದನ್ನೂ ಬರಿ, ನಾನೇ ಒಂದು ದಿನ ಬಸ್ ಹತ್ತಿ ಬಂದು ನಿಮ್ಮ ಪ್ರಿನ್ಸಿಪಾಲರ ಹತ್ರ ಮಾತಾಡ್ತೀನಿ.